ಕಪ್ಪು ಬೆಲ್ಟಿಗೆ ಎಷ್ಟು ದಿನ ಮೇಷ್ಟ್ರೇ?

ಜೂಡೋ ಹೇಳಿಕೊಡೋನ ಹಣೆಬರಹ ಏನಂದ್ರೆ, ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ. "ಬ್ಲ್ಯಾಕ್ ಬೆಲ್ಟಿಗೆ ಎಷ್ಟು ದಿನ ಮೇಷ್ಟ್ರೇ?" ಮದುವೆ ಊಟದಲ್ಲಿ ಕೇಳ್ತಾರೆ, ಕ್ಷೌರದಂಗಡೀಲಿ ಕೇಳ್ತಾರೆ.

ನಾನು ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಸಂಜೆ ಹಳೇ ಶೇಂಗಾ ಮಿಲ್ಲಿನ ಗೋದಾಮಿನಲ್ಲಿ ಚಾಪೆ ಹಾಸಿ, ಎದುರಾಳಿಯನ್ನು ಕೆಡವೋದು, ಕೆಡವಿದವನು ಏಳದ ಹಾಗೆ ಅದುಮಿ ಹಿಡಿಯೋದು ಕಲಿಸ್ತೀನಿ. ಬುಧವಾರ ಮಾತ್ರ ಮೊಳಕಾಲ್ಮುರಿನಲ್ಲಿ ಪಾಠ. "ಎಂಟು ವರ್ಷ, ಹತ್ತು ವರ್ಷ ಬೇಕು" ಅಂತ ನಿಜ ಹೇಳಿದ ಕೂಡಲೇ ಜನ ನನ್ನ ಸೊಂಟ ನೋಡ್ತಿದ್ರು. ಅಲ್ಲಿದ್ದದ್ದು ಕಂದು ಬೆಲ್ಟು, ಕಪ್ಪಿಗಿಂತ ಒಂದು ಮೆಟ್ಟಿಲು ಕೆಳಗೆ. ಕಲಿಯೋಕೆ ಶುರು ಮಾಡಿ ಹದಿನಾಲ್ಕು ವರ್ಷ ಆಗ್ತಾ ಬಂದಿತ್ತು. ದಾವಣಗೆರೆಯಲ್ಲಿ ಎರಡು ಸಲ ಪರೀಕ್ಷೆಗೆ ಕೂತು ಎರಡು ಸಲವೂ ಡುಮ್ಕಿ. ಅದುಮಿ ಹಿಡಿದವನನ್ನು ಇಪ್ಪತ್ತು ಸೆಕೆಂಡು ಬಿಡಬಾರದು. ನನ್ನ ಕೈಯಿಂದ ಒಬ್ಬ ಹದಿನೈದಕ್ಕೆ ಜಾರಿದ, ಇನ್ನೊಬ್ಬ ಹದಿನೇಳಕ್ಕೆ.

ಸಾಹುಕಾರರ ಲಾರಿ

ನಮ್ಮೂರ ಎಣ್ಣೆ ಅಂಗಡಿ ಸಾಹುಕಾರರೊಬ್ಬರು ಐವತ್ತನಾಲ್ಕನೇ ವಯಸ್ಸಿಗೆ ಜೂಡೋ ಸೇರಿದರು. ಡಾಕ್ಟರು ಮೈ ಇಳಿಸಿ ಅಂದಿದ್ದರಂತೆ. ಮೂರನೇ ದಿನವೇ ಬೆವರು ಒರೆಸಿಕೊಳ್ತಾ ಕೇಳಿದರು, "ಮೇಷ್ಟ್ರೇ, ದೀಪಾವಳಿಯೊಳಗೆ ಬ್ಲ್ಯಾಕ್ ಬೆಲ್ಟ್ ಆಗ್ತದಲ್ರೀ?"

"ಹತ್ತು ವರ್ಷ ಆಗ್ತದೆ ಸಾಹುಕಾರ್ರೇ."

"ಏನ್ರೀ ಅನ್ಯಾಯ! ನಮ್ಮ ಅಂಗಡಿ ಆಳು ಒಂದೂವರೆ ತಿಂಗಳಾಗೆ ಲಾರಿ ಕಲ್ತ. ಅಷ್ಟು ದೊಡ್ಡ ಲಾರಿಗೇ ಒಂದೂವರೆ ತಿಂಗಳು, ಒಬ್ಬ ಮನುಷ್ಯನ್ನ ಕೆಡವಾಕೆ ಹತ್ತು ವರ್ಷವೇನ್ರೀ?"

"ಮನುಷ್ಯ ಲಾರಿ ಥರ ಸುಮ್ಮನೆ ನಿಲ್ಲಲ್ವಲ್ಲ ಸಾಹುಕಾರ್ರೇ" ಅಂದೆ. ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.

"ಹಂಗಾದ್ರೆ ನಾನು ಲಾರೀನೇ ಕಲಿತೀನಿ ಬಿಡ್ರಿ. ಎದುರಿಗೆ ಬಂದೋನು ತಾನೇ ಪಕ್ಕಕ್ಕೆ ಸರೀತಾನೆ."

ಶುಕ್ರವಾರ ಕೊಡ್ತೀನಿ

ಮೊಳಕಾಲ್ಮುರಿನಲ್ಲಿ ಮಗಳನ್ನು ಪಾಠಕ್ಕೆ ಬಿಡೋಕೆ ಬರ್ತಿದ್ದ ನೇಕಾರರೊಬ್ಬರು ಇದ್ದರು. ಅವರಿಗೆ ಗಾಬರಿಯಾದರೆ ಬಾಯಲ್ಲಿ ತೆಲುಗೇ ಬರೋದು. ಹತ್ತು ವರ್ಷ ಅಂದದ್ದೇ, "ಪದೇಂಡ್ಲಾ!" ಅಂತ ಕಿರುಚಿಬಿಟ್ಟರು.

"ಸಾ, ಮೈತುಂಬ ಬುಟ್ಟಾ ಇರೋ ರೇಷ್ಮೆ ಸೀರೆಗೇ ತಿಂಗಳಿಗಿಂತ ಜಾಸ್ತಿ ನಾವು ತಗಳಲ್ಲ. ಒಂದು ಪಟ್ಟಿಗೆ ಹತ್ತು ವರ್ಷಾನಾ? ಯಾರು ಸಾ ನಿಮಗೆ ನೇಯ್ದು ಕೊಡೋರು? ಅಳತೆ ಹೇಳಿ, ಶುಕ್ರವಾರ ಕೊಡ್ತೀನಿ."

ತಮಾಷೆ ಅಂದುಕೊಂಡು ನಾನೂ ನಗ್ತಾ ಅಳತೆ ಹೇಳಿದೆ. ಮುಂದಿನ ಬುಧವಾರ ಹೋದರೆ, ಪೇಪರಿನಲ್ಲಿ ಸುತ್ತಿದ ಕಪ್ಪು ರೇಷ್ಮೆ ಬೆಲ್ಟು! ಎರಡೂ ತುದಿಗೆ ಬೆರಳಗಲ ಜರಿ. ಅಷ್ಟು ಚೆಂದದ ಬೆಲ್ಟು ನಾನು ಯಾವ ಗುರುಗಳ ಸೊಂಟದಲ್ಲೂ ನೋಡಿಲ್ಲ. "ಅಣ್ಣಾ, ಪರೀಕ್ಷೆ ಪಾಸಾಗದೆ ಇದನ್ನ ಕಟ್ಟೋ ಹಾಗಿಲ್ಲ" ಅಂದೆ.

ಅವರು ಬೆನ್ನು ತಟ್ಟಿದರು. "ಇರಲಿ ಸಾ, ಮಡಗಿಕೊಳ್ಳಿ. ಬೆಲ್ಟು ರೆಡಿ ಐತೆ, ನೀವಿನ್ನೂ ರೆಡಿ ಇಲ್ಲ, ಅಷ್ಟೇ ತಾನೇ?"

ಒಗೆದಷ್ಟೂ ಹಿಂದಕ್ಕೆ

ಆ ರೇಷ್ಮೆ ಬೆಲ್ಟು ನನ್ನ ಹೆಂಡತಿಯ ಸೀರೆಗಳ ನಡುವೆ ಬೀರು ಸೇರಿತು. ಬೀರು ಬಾಗಿಲು ತೆಗೆದಾಗಲೆಲ್ಲ ಅವಳ ಕಣ್ಣು ನನ್ನ ಮೇಲೆ. ಒಂದು ಭಾನುವಾರ ಹಳೇ ಕಂದು ಬೆಲ್ಟನ್ನು ಹಿತ್ತಲಲ್ಲಿ ಒಣಹಾಕ್ತಾ ಕರೆದಳು.

"ರೀ, ಬರ್ರಿ ಇಲ್ಲಿ. ಇದು ಬಿಸ್ಕತ್ತಿನ ಬಣ್ಣಕ್ಕೆ ಬಂದೈತೆ ನೋಡ್ರಿ."

"ಹಳೇದಾಯ್ತು ಕಣೇ."

"ಹಳೇದಲ್ಲ. ಇನ್ನು ನಾಕು ಸಲ ಒಗೆದ್ರೆ ಹಳದಿ, ಆಮೇಲೆ ಬಿಳಿ, ನೀವು ಸೇರಿದ ದಿನದ ಬೆಲ್ಟು. ನೀವು ಮುಂದಕ್ಕೆ ಹೋಗಾಕಿಲ್ಲ ಅಂತ ಬೆಲ್ಟೇ ಹಿಂದಕ್ಕೆ ಹೊರಟೈತೆ."

ನಕ್ಕೆ, ಆದರೆ ಮಾತು ಚುಚ್ಚಿತು. ಯಾಕಂದ್ರೆ ನನ್ನ ಒಬ್ಬ ವಿದ್ಯಾರ್ಥಿನಿ ವರ್ಷದ ಹಿಂದೆಯೇ ಕಂದು ಬೆಲ್ಟು ಕಟ್ಟಿಕೊಂಡು ನನ್ನ ಸಮಕ್ಕೆ ನಿಂತಿದ್ದಳು. ನಾಯಕನಹಟ್ಟಿ ಕಡೆಯ ಕುರಿ ಕಾಯೋರ ಮಗಳು, ಕಾಲೇಜು ಓದೋಳು. ಕಪ್ಪು ಬೆಲ್ಟಿನ ಪರೀಕ್ಷೆಗೆ ಅರ್ಜಿ ಕೊಡಮ್ಮ ಅಂದರೆ, ತಲೆ ತಗ್ಗಿಸಿ, "ಮೊದ್ಲು ನೀವು ಪಾಸಾಗಿ ಸಾರ್, ನಾನು ಕಾಯ್ತೀನಿ" ಅಂದಳು. ನನ್ನ ಮರ್ಯಾದೆ ಉಳಿಸೋಕೆ ಆ ಮಗು ತನ್ನ ವರ್ಷ ಕಳಕೊಳ್ತಿತ್ತು. ಮೂರನೇ ಸಲವೂ ಬಿದ್ದರೆ ಪಾಠವನ್ನೇ ನಿಲ್ಲಿಸಿಬಿಡೋದು ಅಂತ ಮನಸ್ಸಲ್ಲೇ ತೀರ್ಮಾನ ಮಾಡಿಕೊಂಡೆ.

ಟಗರಿನ ಟ್ಯೂಷನ್ನು

ಹುಡುಗಿಯ ಅಪ್ಪ ಸುಮ್ಮನಿರ್ತಾನಾ? ಹೆಗಲ ಮೇಲೆ ಕಂಬಳಿ ಹಾಕ್ಕೊಂಡು ಗೋದಾಮಿಗೇ ಬಂದ.

"ಮೇಷ್ಟ್ರೇ, ನಮ್ಮ ಹುಡುಗೀನ ಯಾಕ್ರೀ ನಿಲ್ಲಿಸಿಕೊಂಡೀರಿ?"

ಇದ್ದದ್ದು ಇದ್ದ ಹಾಗೆ ಹೇಳಿದೆ. ಎದುರಾಳಿ ಹದಿನೇಳು ಸೆಕೆಂಡಿಗೆ ಜಾರಿ ಹೋಗ್ತಾನೆ ಅಂತ. ಅವನಿಗೆ ನಗು ತಡೆಯೋಕಾಗಲಿಲ್ಲ. "ಮನುಷ್ಯಗೆ ಎರಡೇ ಕಾಲು ಅಲ್ರೀ? ನಾಳೆ ಹಟ್ಟಿಗೆ ಬರ್ರಿ."

ಹೋದೆ. ಒಂದು ಕೊಬ್ಬಿದ ಟಗರಿಗೆ ಜಂತುಹುಳದ ಔಷಧಿ ಹಾಕಬೇಕಿತ್ತು. ಅವನು ಒಂದು ಕೈ ಅದರ ಕತ್ತಿನ ಕೆಳಗೆ, ಇನ್ನೊಂದು ಕೈ ತೊಡೆ ಸಂದಿಗೆ ಹಾಕಿ, ಮಗ್ಗುಲಿಗೆ ಮಲಗಿಸಿ ಎದೆ ಊರಿದ. ನಾನು ಹದಿನಾಲ್ಕು ವರ್ಷದಿಂದ ಕಲೀತಿದ್ದ ಪಟ್ಟೇ ಅದು! ಆಮೇಲೆ ಟಗರಿನ ತಲೆ ಎತ್ತಿ, ಬಾಯಿ ಮೂಲೆಗೆ ಹೆಬ್ಬೆರಳು ತೂರಿಸಿ, ಪಕ್ಕದಲ್ಲಿಟ್ಟಿದ್ದ ಬಾಟಲಿಯಿಂದ ಔಷಧಿ ಬಿಟ್ಟ.

"ಬಿಗಿ ಹಿಡೀಬ್ಯಾಡ್ರಿ, ಭಾರ ಬುಡ್ರಿ. ಅದು ಉಸಿರು ಬಿಟ್ಟಾಗ ನೀವು ಇನ್ನಷ್ಟು ಕೂತ್ಕಳ್ರಿ."

ನಾನು ಹಿಡಿದೆ. ಟಗರು ನನ್ನನ್ನು ಗೊಬ್ಬರದ ಗುಂಡಿವರೆಗೂ ಎಳಕೊಂಡು ಹೋಯ್ತು. ಆದರೂ ಬಿಡದೆ ಒಂದು ತಿಂಗಳು ದಿನಾ ಬೆಳಿಗ್ಗೆ ಹೋದೆ. ಅವನ ಹಟ್ಟಿ ಮುಗೀತು, ಅಕ್ಕಪಕ್ಕದ ಹಟ್ಟಿಗಳ ಕುರಿಗಳಿಗೂ ಔಷಧಿ ಹಾಕಿದೆ. ಕೊನೆಗೆ ನಾನು ಬರೋದು ಕಂಡರೆ ಕುರಿಗಳು ತಾವೇ ಮಲಗೋವು.

ಇಪ್ಪತ್ತು ಸೆಕೆಂಡು

ಮೂರನೇ ಪರೀಕ್ಷೆ. ಎದುರಾಳಿ ಇಪ್ಪತ್ತೈದರ ಗಟ್ಟಿ ಆಳು. ಹೇಗೋ ಕೆಡವಿ, ಮಗ್ಗುಲಿಗೆ ಹಾಕಿ ಎದೆ ಊರಿದೆ. ಹದಿನೈದು. ಅವನು ಒದ್ದಾಡಿದ. ಹದಿನೇಳು. ಅವನು ಉಸಿರು ಬಿಟ್ಟ, ನಾನು ಭಾರ ಬಿಟ್ಟೆ. ಇಪ್ಪತ್ತು! ಗಂಟೆ ಹೊಡೀತು.

ಅಲ್ಲಿಗೆ ಏಳಬೇಕಿತ್ತು. ಆದರೆ ತಿಂಗಳ ಅಭ್ಯಾಸ ನೋಡಿ, ನನ್ನ ಎಡಗೈ ತಾನೇ ಅವನ ತಲೆ ಎತ್ತಿ, ಬಾಯಿ ಮೂಲೆಗೆ ಹೆಬ್ಬೆರಳು ತೂರಿಸಿ ಬಾಯಿ ತೆರೆಸಿತು. ಬಲಗೈ ಚಾಪೆ ಮೇಲೆ ಬಾಟಲಿ ಹುಡುಕ್ತಾ ಇತ್ತು.

ಪರೀಕ್ಷಕರು ಬಗ್ಗಿ ನೋಡಿದರು. "ಏನ್ರೀ ಅದು?"

"ಜಂತುಹುಳದ ಔಷಧಿ ಸಾರ್" ಅಂತ ಬಾಯಿಗೆ ಬಂದೇಬಿಡ್ತು.

ಅವರು ಹೊಟ್ಟೆ ಹಿಡಕೊಂಡು ನಕ್ಕು, "ಗಂಟೆಗೆ ಮುಂಚೆ ಮುಖಕ್ಕೆ ಕೈ ಹಾಕಿದ್ದಿದ್ರೆ ಮನೆಗೆ ಕಳಿಸ್ತಿದ್ದೆ" ಅಂತ ಹೇಳಿ ರುಜು ಹಾಕಿದರು.

ಮರುದಿನ ರೇಷ್ಮೆ ಬೆಲ್ಟು ಕಟ್ಟಿಕೊಂಡು ಗೋದಾಮಿಗೆ ಹೋದೆ. ಹುಡುಗಿ ತುಂಬಿದ ಅರ್ಜಿ ಹಿಡಿದು ನಿಂತಿದ್ದಳು, ನನ್ನ ಕಣ್ಣು ಒದ್ದೆಯಾಯ್ತು. ಅವಳಪ್ಪ ಬೆಲ್ಟಿನ ಜರಿ ಮುಟ್ಟಿ ನೋಡಿ ಕೇಳಿದ, "ಒಟ್ಟು ಎಷ್ಟು ದಿನ ಆತು ಮೇಷ್ಟ್ರೇ?"

"ಹದಿನಾಲ್ಕು ವರ್ಷ ಕಣಣ್ಣ" ಅಂದೆ, ಎದೆಯುಬ್ಬಿಸಿ.

"ಅದ್ರಾಗೆ ನಮ್ಮ ಹಟ್ಟಿಗೆ ಬಂದಿದ್ದು?"

"ಒಂದು ತಿಂಗಳು."

ಅವನು ಬೆರಳು ಮಡಿಸಿ ಎಣಿಸಿ, ನಿಜವಾಗಿಯೂ ಕನಿಕರದಿಂದ ಕೇಳಿದ: "ಮತ್ತೆ ಮಿಕ್ಕ ಹದಿಮೂರು ವರ್ಷ ಹನ್ನೊಂದು ತಿಂಗಳು ಏನ್ ಮಾಡ್ತಿದ್ರಿ ಮೇಷ್ಟ್ರೇ?"