ಬಾಗಿಲು ಸದಾ ತೆರೆದಿರತಕ್ಕದ್ದು

ಜಿಲ್ಲಾ ರಸ್ತೆ ಇಲಾಖೆ, ಹಿಮ ತೆರವು ವಿಭಾಗ
ಉತ್ತರ ಮಿನ್ನೆಸೋಟಾ

ಸಂಖ್ಯೆ: ರಇ/ಹಿಮ/ನಾಯಕತ್ವ/ಬಾಗಿಲು/17
ದಿನಾಂಕ: ಜನವರಿ 23

ಸುತ್ತೋಲೆ

ವಿಷಯ: ತಂಡ ನಡೆಸುವವರಲ್ಲಿ ಇರಬೇಕಾದ 'ತೆರೆದ ಬಾಗಿಲು' ಎಂಬ ನಾಯಕತ್ವ ಗುಣ ಹಾಗೂ ಪಾಳಿ ಮುಖ್ಯಸ್ಥೆ ಶ್ರೀಮತಿ ಐಲಾ ಸಾರಿನೆನ್ ಅವರು ಬಾಗಿಲು ಹಾಕಿದ ಬಗ್ಗೆ.

ಉಲ್ಲೇಖ: (1) ನಿರ್ದೇಶಕರಾದ ಶ್ರೀ ಬ್ರ್ಯಾಡ್ಲಿ ಥಾರ್ಸ್‌ಗಾರ್ಡ್ ಅವರು ಅರಿಝೋನಾದ ನಾಯಕತ್ವ ಶಿಬಿರದಲ್ಲಿ ಬರೆದುಕೊಂಡ ಟಿಪ್ಪಣಿ, ಅರ್ಧ ಪುಟ.
(2) ಬಾಗಿಲು.

ಒಳ್ಳೆಯ ನಾಯಕನ ಬಾಗಿಲು ಸಿಬ್ಬಂದಿಗೆ ಸದಾ ತೆರೆದಿರುತ್ತದೆ ಎಂದು ಉಲ್ಲೇಖ (1)ರಲ್ಲಿ ದಾಖಲಾಗಿದೆ. ಯಾವ ಬಾಗಿಲು ಎಂಬುದು ನಮೂದಾಗಿರದ ಕಾರಣ, ಎಲ್ಲ ಬಾಗಿಲು ಎಂದೇ ಅರ್ಥೈಸಿಕೊಂಡು ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ನಿರ್ದೇಶಕರ ಕೊಠಡಿಯ ಬಾಗಿಲನ್ನು ಕೀಲು ಸಹಿತ ಕಳಚಲಾಗಿದೆ. ಸಿಬ್ಬಂದಿ ಯಾವಾಗ ಬೇಕಾದರೂ ಬಂದು ಅಹವಾಲು ಹೇಳಿಕೊಳ್ಳಬಹುದು. ಥಂಡಿಗಾಳಿ ನುಗ್ಗುವುದರಿಂದ ನಿರ್ದೇಶಕರು ಒಳಗೆ ಇರುವುದಿಲ್ಲ; ಬಿಸಿಲಿರುವ ಅರಿಝೋನಾದಲ್ಲೇ ಉಳಿದಿರುತ್ತಾರೆ. ಅಹವಾಲನ್ನು ಕುರ್ಚಿಗೆ ಹೇಳತಕ್ಕದ್ದು.

2. ಕಳಚಿದ ಬಾಗಿಲನ್ನು ಚಾಲಕರು ಎರಡು ಡ್ರಮ್ಮುಗಳ ಮೇಲೆ ಮಲಗಿಸಿ, ಅದರ ಮೇಲೆ 'ಹಾಟ್‌ಡಿಶ್' ಎಂಬ ಆಲೂಗಡ್ಡೆಯ ಬಿಸಿ ಅಡುಗೆ ಇಟ್ಟುಕೊಂಡು ಉಣ್ಣುತ್ತಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಉಣ್ಣುವ ಮುನ್ನ ಬಾಗಿಲು ತಟ್ಟತಕ್ಕದ್ದು.

3. ಹಿಮ ತೆರವು ಲಾರಿಗಳು ನಿಲ್ಲುವ ಶೆಡ್ಡಿನ ಬಾಗಿಲನ್ನೂ ಹಗಲಿರುಳು ತೆರೆದಿಡಲು ಸೂಚಿಸಲಾಗಿತ್ತು. ಆದರೆ ಜನವರಿ 19ರಂದು, ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿದ್ದಾಗ, ಶ್ರೀಮತಿ ಸಾರಿನೆನ್ ಅವರು ಯಾರ ಅಪ್ಪಣೆಯೂ ಇಲ್ಲದೆ ಸದರಿ ಬಾಗಿಲು ಹಾಕಿ ಹೀಟರ್ ಹಚ್ಚಿದರು. ಪರಿಣಾಮವಾಗಿ ಮರಗಟ್ಟಿದ್ದ ಒಂಬತ್ತೂ ಲಾರಿಗಳು ಚಾಲೂ ಆದವು, ಆಸ್ಪತ್ರೆ ರಸ್ತೆ ತೆರವಾಯಿತು, ಆಂಬುಲೆನ್ಸ್ ಸಕಾಲಕ್ಕೆ ತಲುಪಿತು. ಈ ಮೂರೂ ಲೋಪಗಳನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

4. ದೂರವಾಣಿಯಲ್ಲಿ ವಿವರಣೆ ಕೇಳಲಾಗಿ, ಸದರಿಯವರು ನಿರ್ದೇಶಕರಿಗೆ "ಅಯ್ಯೋ ಬ್ರ್ಯಾಡ್, ನಿನ್ ಶಿಬಿರದ ವಿಷ್ಯ ಲಾರಿಗೇನಪ್ಪಾ ಗೊತ್ತು? ಚಳಿ ಆದ್ರೆ ಬಾಗ್ಲು ಹಾಕ್ತಾರೆ. ನೀನಲ್ಲಿ ಬಿಸ್ಲು ಕಾಯಿಸ್ಕೊಂಡು ಕೂತ್ಕೋ, ನಮ್ಮನ್ನ ಕೆಲ್ಸ ಮಾಡೋಕೆ ಬಿಡು" ಎಂದಿರುತ್ತಾರೆ. ಈ ಹೇಳಿಕೆಯಲ್ಲಿ ಯಾವ ನಾಯಕತ್ವ ಶೈಲಿಯೂ ಕಂಡುಬಂದಿಲ್ಲ. ಚಾಲಕ ಶ್ರೀ ಮರ್ಲ್ ಓಡಗಾರ್ಡ್ ಅವರು "ಐಲಾ ಇಲ್ದಿದ್ರೆ ನಾವು ಈಗ್ಲೂ ಟೈರ್ ಒದೀತಾ ನಿಂತಿರ್ತಿದ್ವಿ" ಎಂದು ಸಾಕ್ಷ್ಯ ನುಡಿದಿದ್ದು, ಟೈರ್ ಒದೆಯಲು ಅನುಮತಿ ಪಡೆಯಲಾಗಿತ್ತೇ ಎಂಬ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆಯಲಿದೆ.

5. ಆದ್ದರಿಂದ, ಇಪ್ಪತ್ತಾರು ಚಳಿಗಾಲ ಈ ತಂಡವನ್ನು ನಡೆಸಿರುವ ಶ್ರೀಮತಿ ಸಾರಿನೆನ್ ಅವರನ್ನು ಮುಖ್ಯಸ್ಥೆಯ ಹುದ್ದೆಯಿಂದ ತೆಗೆದು, ಶೆಡ್ಡಿನ ಬಾಗಿಲು ಮುಚ್ಚಿಕೊಳ್ಳದಂತೆ ಹಿಡಿದು ನಿಲ್ಲುವ ಕೆಲಸಕ್ಕೆ ನಿಯೋಜಿಸಲಾಗಿದೆ.

6. ಹುದ್ದೆಯಿಂದ ತೆಗೆಯುವ ಕಾರ್ಯಕ್ರಮಕ್ಕೆ ನಿರ್ದೇಶಕರು ಖುದ್ದಾಗಿ ಹೊರಟು ಇಲ್ಲಿನ ವಿಮಾನ ನಿಲ್ದಾಣಕ್ಕೆ ಬಂದಿಳಿದಿದ್ದು, ಅಲ್ಲಿಂದ ಬರುವ ರಸ್ತೆ ಹಿಮದಲ್ಲಿ ಮುಚ್ಚಿಹೋಗಿರುತ್ತದೆ. ಸದರಿ ರಸ್ತೆಯನ್ನು ಶ್ರೀಮತಿ ಸಾರಿನೆನ್ ಅವರೇ ಮೊದಲು ತೆರವು ಮಾಡಿಸಿ, ಬಳಿಕ ಅಧಿಕಾರ ಕಳೆದುಕೊಳ್ಳತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

(ಸಹಿ ಇದೆ)
ನಿರ್ದೇಶಕರ ಪರವಾಗಿ

ಪ್ರತಿಗಳು:
1. ನಿರ್ದೇಶಕರು, ವಿಮಾನ ನಿಲ್ದಾಣ, ಕಾಫಿ ಅಂಗಡಿ ಪಕ್ಕದ ಬೆಂಚು.
2. ನಿರ್ದೇಶಕರ ಕುರ್ಚಿ, ಅಹವಾಲು ಆಲಿಸುವ ಸಲುವಾಗಿ.
3. ಒಂಬತ್ತು ಚಾಲಕರು. ಲಾರಿಗಳ ಕೀಲಿಕೈಗಳು ಡ್ರಮ್ಮಿನ ಮೇಲಿನ ಬಾಗಿಲಿನ ಮೇಲೆ ಸಿಕ್ಕಿವೆ. ಚಾಲಕರು ಸಿಕ್ಕಿಲ್ಲ.
4. ಶ್ರೀಮತಿ ಐಲಾ ಸಾರಿನೆನ್. ತಲುಪಿಲ್ಲ. ರಾಜೀನಾಮೆ ಬರೆದಿಟ್ಟು ಹೋಗಿರುತ್ತಾರೆ. ಹೋಗುವಾಗ ಶೆಡ್ಡಿನ ಬಾಗಿಲು ಹಾಕಿಕೊಂಡು ಹೋಗಿರುತ್ತಾರೆ.