ಮೂವರು ಮುಟ್ಟುವ ತನಕ

ಬಾಹ್ಯಾಕಾಶ ನಿಲ್ದಾಣದಲ್ಲಿ ವಾಸಕ್ಕೆ ಹೊರಟ ಮೊದಲ ತಂಡ ಸುರಕ್ಷಿತವಾಗಿ ತಲುಪಿದ್ದಕ್ಕೆ ವಿಜ್ಞಾನಿಗಳು ಏನೇನೋ ಕಾರಣ ಕೊಡುತ್ತಾರೆ. ನಿಜವಾದ ಕಾರಣ, ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲ ಮಾರುತ್ತಿದ್ದ ನನ್ನ ಭಾವ! ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ.

ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ, ಅವರು ಊರು ಮುಟ್ಟುವ ತನಕ ಹಿಂದೆ ಕಸ ಗುಡಿಸಬಾರದೆಂಬ ಪದ್ಧತಿ ನಮ್ಮ ಬಾಗಲಕೋಟೆ ಕಡೆಯ ಮನೆಗಳಲ್ಲಿದೆ. ಉಳಿದವರು ಬಸ್ಸು ತಿರುವು ದಾಟಿತೆಂದರೆ ಕಸಬರಿಗೆ ಹಿಡಿಯುತ್ತಾರೆ. ಭಾವನವರಲ್ಲಿ ಅಂಥ ರಿಯಾಯಿತಿ ಇಲ್ಲ. ಅವರ ಮನೆಯಿಂದ ಹೊರಟ ನಾನು ದಿಲ್ಲಿಗೆ ತಲುಪುವುದು ತಡವಾದಾಗ, ನನ್ನ ಕ್ಷೇಮಕ್ಕಾಗಿ ನನ್ನ ಅಕ್ಕನಷ್ಟು ಹಂಬಲಿಸಿದವರಿಲ್ಲ. ಆಕೆಗೆ ಮನೆ ಗುಡಿಸಬೇಕಾಗಿತ್ತು.

ರಾಕೆಟ್ ಮೇಲೇರಿದ್ದು 2000ದ ಅಕ್ಟೋಬರ್ 31ರಂದು. ಅದು ದೀಪಾವಳಿ ಪಾಡ್ಯವೆಂದು ಭಾವ ಇಂದಿಗೂ ವಾದಿಸುತ್ತಾರೆ. ಪಂಚಾಂಗವನ್ನೂ ಪತ್ರಿಕೆಯನ್ನೂ ತಾಳೆ ನೋಡಿದ್ದೇನೆ: ಪಾಡ್ಯ ಮುಗಿದಿತ್ತು, ಅಂಗಳದಲ್ಲಿ ಪಟಾಕಿಯ ಕಾಗದ ಮಾತ್ರ ಉಳಿದಿತ್ತು. ಸಂಜೆಯ ವಾರ್ತೆಯಲ್ಲಿ ಮೂವರು ಯಾತ್ರಿಗಳು ಕೈಬೀಸಿದ್ದೇ ತಡ, ಭಾವ ಕಸಬರಿಗೆಯನ್ನು ಬೀರುವಿನ ಮೇಲಿಟ್ಟರು.

“ಅವ್ರೇನು ನಮ್ಮ ಮನ್ಯಾಗಿಂದ ಹೊಂಟಾರೇನ್ರಿ?” ಎಂದಳು ಅಕ್ಕ.

“ನಮ್ಮ ಟಿ.ವಿ.ಯಾಗಿಂದ ಹೊಂಟಾರ. ನಾ ಕೈ ಮಾಡಿ ಕಳಿಸೀನಿ.”

ಸಂಕಟವೇನೆಂದರೆ, ನೌಕೆ ನಿಲ್ದಾಣವನ್ನು ಕೂಡಲಿದ್ದ ನವೆಂಬರ್ 2ರಂದೇ ಭಾವನವರ ಮಗಳನ್ನು ನೋಡಲು ಪಕ್ಕದ ತಳೇಗಾಂವದಿಂದ ಗಂಡಿನವರು ಬರುವವರಿದ್ದರು. ಅವರು ಮಧ್ಯಾಹ್ನ ಎರಡಕ್ಕೆ, ನೌಕೆ ಮೂರರ ಸುಮಾರಿಗೆ! ಪುಣೆಯಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ಸಂಧಾನಕ್ಕೆ ಕರೆಸಲಾಯಿತು.

“ಇಂಥಾ ಮನೀ ನೋಡಿ ಹುಡುಗೀನ್ನ ಯಾರ ಒಪ್ಪತಾರೋ ತಮ್ಮಾ?” ಅಕ್ಕನ ಕಣ್ಣು ತುಂಬಿದ್ದವು.

“ಭಾವಾ, ಒಂದು ಪಡಸಾಲಿಯಾದ್ರೂ?” ಎಂದೆ.

“ಇಷ್ಟು ಓದೀರಿ. ಮೂರು ಜೀವದ ಪ್ರಶ್ನೆ ಅದ, ತಿಳೀಬಾರದೇನ್ರಿ?”

ಗಂಡಿನವರು ಬಂದರು. ಹುಡುಗನ ತಾಯಿ ನೆಲ ನೋಡಿದರು, ಸೀರೆಯ ಅಂಚನ್ನು ತುಸು ಎತ್ತಿಕೊಂಡರು. “ಕೆಲಸದಾಕಿ ಬಂದಿಲ್ಲೇನ್ರಿ?”

“ಬಂದಾಳ್ರಿ. ಮೂರು ಮಂದಿ ಇನ್ನೂ ದಾರ್ಯಾಗ ಅದಾರ, ಅದಕ್ಕ ಕಸ ಹೊಡಿಸಿಲ್ಲ.”

“ಎಲ್ಲಿಗೆ ಹೊಂಟಾರ್ರಿ?”

ಭಾವ ಬೆರಳನ್ನು ಮೇಲಕ್ಕೆ ತೋರಿಸಿದರು.

“ಅಯ್ಯ ಶಿವನ, ಯಾವಾಗ ತೀರಿಕೊಂಡ್ರು?”

ವಿವರಣೆ ನನ್ನ ಪಾಲಿಗೆ ಬಂತು. ಜೀವಮಾನದಲ್ಲಿ ಅಷ್ಟು ಕಠಿಣವಾದ ಉಪನ್ಯಾಸ ನಾನು ಕೊಟ್ಟಿಲ್ಲ. ಮುಗಿಯುವಷ್ಟರಲ್ಲಿ ಗಂಡಿನವರೆಲ್ಲ ಟಿ.ವಿ. ಮುಂದೆ ಕುಳಿತಿದ್ದರು, ಹುಡುಗಿ ತಂದ ಚಹಾ ಆರಿತ್ತು, ಹುಡುಗನೂ ಅವಳನ್ನು ಬಿಟ್ಟು ಪರದೆಯನ್ನೇ ನೋಡುತ್ತಿದ್ದ. ಕೊನೆಗೂ ವಾರ್ತೆ ಬಂತು: ನೌಕೆ ಕೂಡಿಕೊಂಡಿತು! “ಮುಟ್ಟಿದ್ರು!” ಎಂದು ಭಾವ ಎದ್ದವರೇ ಕಸಬರಿಗೆ ಇಳಿಸಿ, “ಸ್ವಲ್ಪ ಕಾಲ ಎತ್ತರ್ರಿ” ಎನ್ನುತ್ತ ಬೀಗರ ಕಾಲಬುಡದಿಂದಲೇ ಗುಡಿಸತೊಡಗಿದರು.

ಹುಡುಗನ ತಾಯಿ ಕಾಲೆತ್ತಿ ಕುಳಿತೇ ನಕ್ಕರು. “ಗುರ್ತಿಲ್ಲದವ್ರಿಗೆ ಇಷ್ಟು ಜೀವ ಬಿಡೋ ಮನಿ. ಹುಡುಗಿ ನಮಗ ಒಪ್ಪಿಗಿ ಆಗ್ಯಾಳ್ರಿ. ಕಸಬರಗಿ ಮಾತ್ರ ನಮ್ಮ ಕೈಯಾಗಿರ್ಲಿ.”

ಮರುವರ್ಷ ಮದುವೆಯಾಯಿತು. ಮಗಳು ಕಾರು ಹತ್ತಿದ ಮೇಲೆ ಭಾವ ಫೋನಿನ ಪಕ್ಕದಲ್ಲೇ ಕುಳಿತರು. ತಳೇಗಾಂವ ಎಷ್ಟು ದೂರ? ಸಂಜೆಯೊಳಗೆ ಫೋನ್ ಬಂತು: “ಅಪ್ಪಾ, ಮುಟ್ಟಿದಿವಿ.”

ಅಕ್ಕ ಕಸಬರಿಗೆ ತಂದಳು. ಹೊಸ್ತಿಲ ಬಳಿ ಮಗಳ ಜಡೆಯಿಂದ ಉದುರಿದ ಮಲ್ಲಿಗೆ ಬಿದ್ದಿತ್ತು. ಭಾವ ಅದನ್ನೇ ನೋಡುತ್ತ, ಅಕ್ಕನ ಕೈಯಿಂದ ಕಸಬರಿಗೆ ತೆಗೆದುಕೊಂಡು ಮತ್ತೆ ಬೀರುವಿನ ಮೇಲಿಟ್ಟರು.

“ಇವತ್ತೊಂದಿನಾ ಇರ್ಲಿ,” ಎಂದರು.