ಹೆಸರು ಬರೆದ ಬರ್ನಿ

ನನಗೊಂದು ಕೆಟ್ಟ ಚಟವಿದೆ. ಕೈಗೆ ಸಿಕ್ಕಿದ್ದರ ಮೇಲೆಲ್ಲ ನನ್ನ ಹೆಸರು ಬರೆಯುತ್ತೇನೆ. ತಪ್ಪು ನನ್ನದಲ್ಲ, ಬೀದರಿನ ನಮ್ಮ ಕಾನ್ವೆಂಟಿನ ಸಿಸ್ಟರುಗಳದು. ಕರ್ಚೀಫಾಗಲಿ, ಟಿಫಿನ್ ಡಬ್ಬಿಯಾಗಲಿ, ಹೆಸರಿಲ್ಲದ ವಸ್ತು ಅನಾಥ ಎನ್ನುತ್ತಿದ್ದರು. ಮೂವತ್ತು ವರ್ಷ ಮಾರಲ್ ಸೈನ್ಸ್ ಕಲಿಸಿ ರಿಟೈರ್ ಆದರೂ ಚಟ ಬಿಡಲಿಲ್ಲ. ನಮ್ಮವರ ಕೊಡೆಯ ಮೇಲೂ ನನ್ನದೇ ಹೆಸರು. ಪುಣ್ಯಾತ್ಮ, ಇರುವವರೆಗೂ ಅದನ್ನೇ ಹಿಡಿದು ಓಡಾಡಿದರು.

ಈಗ ನರ್ಸ್ ಮಗಳು ರೂತ್ ಜೊತೆ ಜರ್ಮನಿಯಲ್ಲಿದ್ದೇನೆ. ಇಲ್ಲಿ ಅಂಗಳದಲ್ಲಿ ಸಾಲಾಗಿ ಕಸದ ಡಬ್ಬಿಗಳು: ಪೇಪರಿಗೆ ನೀಲಿ, ಪ್ಲಾಸ್ಟಿಕ್ಕಿಗೆ ಹಳದಿ, ಸಿಪ್ಪೆಗೆ ಕಂದು, ಯಾವ ಜಾತಿಗೂ ಸೇರದ್ದಕ್ಕೆ ಕಪ್ಪು. ಗಾಜನ್ನು ಮಾತ್ರ ರಸ್ತೆಯ ಕೊನೆಯವರೆಗೆ ಹೊರಬೇಕು, ಅದೂ ಭಾನುವಾರವಲ್ಲ, ಸದ್ದಾಗುತ್ತದಂತೆ! ಬೀದರಿನ ನೌಬಾದಿನಲ್ಲಿದ್ದ ನಮ್ಮ ಮನೆಗೆ ಹಳೇ ಸಾಮಾನು ಕೊಳ್ಳುವ ಭಂಗಾರಿನ ಖಾಜಾ ಭಾಯಿ ತಳ್ಳುಗಾಡಿ ತರುತ್ತಿದ್ದ. ಎಲ್ಲವನ್ನೂ ಒಟ್ಟಿಗೆ ಸುರಿದರೆ ತಾನೇ ಆರಿಸಿ, ಒಂದೆರಡು ವಾಪಸ್ ಕೊಡುತ್ತಿದ್ದ. "ಟೀಚರಮ್ಮ, ಇಷ್ಟು ಛಲೋ ಬಾಟ್ಲಿ ಯಾಕ ಒಗಿತೀರಿ? ಸಕ್ರಿ ಹಾಕ್ಲಿಕ್ಕ ಬರ್ತದ, ಇಟ್ಕೋರಿ."

ನಾನು ಊರಿನಿಂದ ಹೊರಡುವಾಗ ರೂತ್ ಫೋನಿನಲ್ಲಿ, "ಮಮ್ಮಿ, ಉಪ್ಪಿನಕಾಯಿ ಮಾತ್ರ ತರಬ್ಯಾಡ, ಸೋರ್ತದ" ಎಂದಿದ್ದಳು. ಭಾಲ್ಕಿಯ ತಂಗಿ ಹಾಕಿಕೊಟ್ಟ ಮಾವಿನಕಾಯಿಯನ್ನು ಹೇಗೆ ಬಿಡಲಿ? ಗಾಜಿನ ಬರ್ನಿಯಲ್ಲಿ ತಂದು, ಸ್ವೆಟರುಗಳ ಹಿಂದೆ ಬಚ್ಚಿಟ್ಟೆ. ಬಚ್ಚಿಟ್ಟದ್ದನ್ನು ನಾನೇ ಮರೆತೆ. ನೆನಪಾಗಿ ತೆಗೆದು ನೋಡಿದರೆ ಬರ್ನಿಯೊಳಗೆ ಬಿಳಿ ಗಡ್ಡ ಬೆಳೆದಿತ್ತು. ಮಗಳು ಡ್ಯೂಟಿಯಿಂದ ಬರುವುದರೊಳಗೆ ಮೂರು ಪದರ ಪೇಪರ್ ಸುತ್ತಿ, ದಾರ ಕಟ್ಟಿ, ನೀಟಾದ ಪಾರ್ಸೆಲ್ ಮಾಡಿ ಕೆಳಗಿಳಿದೆ. ಯಾವ ಡಬ್ಬಿ? ಮೇಲೆ ಕಾಣುವುದು ಪೇಪರ್ ತಾನೇ? ನೀಲಿಗೆ ಹಾಕಿದೆ.

ಎಣ್ಣೆ ಸೋರಿತು. ಕಸದ ಲಾರಿಯವರು ಡಬ್ಬಿಗೊಂದು ಕೆಂಪು ಚೀಟಿ ಅಂಟಿಸಿ ಬಿಟ್ಟುಹೋದರು. ಇಡೀ ಬಿಲ್ಡಿಂಗಿನ ಎರಡು ವಾರದ ಪೇಪರಿಗೆ ಭಾಲ್ಕಿಯ ಘಮ. ಕೆಳಮನೆಯ ಅಜ್ಜಿ (ನನಗಿಂತ ಚಿಕ್ಕವಳೇ, ಆದರೂ ಅಜ್ಜಿ ಎನ್ನುತ್ತೇನೆ) ಬಿಲ್ಡಿಂಗಿನ ಬಾಗಿಲಿಗೆ 'ಇದು ಯಾರ ಕೆಲಸ?' ಎಂದು ನೋಟಿಸ್ ಹಚ್ಚಿದಳು.

"ಮ್ಯಾಲಿನ ಮನಿ ಬಸ್ ಡ್ರೈವರ್‌ನೇ ಮಾಡ್ಯಾನ ಅಂತ ಎಲ್ಲಾರೂ ಅಂತಾರ," ಎಂದಳು ರೂತ್. "ಅವನ ಕೈಲೇ ಡಬ್ಬಿ ತೊಳಸ್ಲಿಕತ್ತಾರ. ಮಮ್ಮಿ, ನೀ ಏನರ ಹಾಕಿದ್ದೇನು?"

"ನಾನಾ? ನಾ ಕೆಳಗ ಇಳದೇ ಇಲ್ಲ, ಬೇಬಿ."

ಮೂವತ್ತು ವರ್ಷದ ಮಾರಲ್ ಸೈನ್ಸ್ ಆ ಒಂದು ಮಾತಿನಲ್ಲಿ ಮುಳುಗಿತು. ಕಿಟಕಿಯಿಂದ ನೋಡಿದೆ. ಆ ದೊಡ್ಡ ಮೀಸೆಯ ಮನುಷ್ಯ ಸೊಂಟದವರೆಗೆ ಡಬ್ಬಿಯೊಳಗೆ ಬಗ್ಗಿ, ನನ್ನ ಪಾಪವನ್ನು ಬ್ರಶ್ ಹಾಕಿ ತಿಕ್ಕುತ್ತಿದ್ದ. ಇಳಿದು ಹೋಗಿ ಹೇಳಿಬಿಡಬೇಕು ಎಂದು ಎರಡು ಸಲ ಚಪ್ಪಲಿ ಮೆಟ್ಟಿದೆ, ಎರಡು ಸಲವೂ ಬಿಟ್ಟೆ.

ಸಂಜೆ ಬೆಲ್ ಆಯಿತು. ಅದೇ ಡ್ರೈವರ್. ಒಂದು ಕೈಯಲ್ಲಿ ತೊಳೆದು ಫಳಫಳಿಸುವ ಬರ್ನಿ, ಇನ್ನೊಂದರಲ್ಲಿ ಮುಚ್ಚಳ. ಬರ್ನಿಯ ಲೇಬಲ್ ಮೇಲೆ ಇಂಗ್ಲಿಷಿನಲ್ಲಿ ನನ್ನದೇ ದುಂಡಕ್ಷರ: ಎಸ್. ಶಾಂತಮ್ಮ, ಬೀದರ. ನಮ್ಮ ಬೆಲ್ಲಿನ ಪಕ್ಕದಲ್ಲೂ ಅದನ್ನೇ ಬರೆದಿದ್ದೆನಲ್ಲ! ಡಬ್ಬಿ ತೊಳೆಯುವಾಗಲೇ ಓದಿದ್ದಾನೆ, ಯಾರಿಗೂ ಹೇಳಿಲ್ಲ. ಅವನೇನೋ ಜರ್ಮನ್‌ನಲ್ಲಿ ಗೊಣಗಿದ.

"ಇಷ್ಟು ಛಲೋ ಬಾಟ್ಲಿ ಯಾಕ ಒಗದೀರಿ ಅಂತ ಕೇಳ್ತಾನ," ಎಂದಳು ರೂತ್. ಖಾಜಾ ಭಾಯಿಯೇ ಮೀಸೆ ಬಿಟ್ಟು ಬಂದಂತಾಯಿತು. ಮಗಳು ಲೇಬಲ್ ನೋಡಿದಳು, ನನ್ನನ್ನು ನೋಡಿದಳು. "ಕೆಳಗ ಇಳದೇ ಇಲ್ಲಂದ್ರಲ್ರಿ, ಮಮ್ಮಿಯವರ?" ಸಿಟ್ಟು ಬಂದಾಗ ಮಾತ್ರ ಅವಳು ನನಗೆ ಬಹುವಚನ ಕೊಡುತ್ತಾಳೆ.

ಪೆನ್ನು ಹಿಡಿದು ಕೆಳಗಿಳಿದೆ. ನೋಟಿಸಿನ ಅಡಿಯಲ್ಲಿ, ಸಿಸ್ಟರುಗಳು ಮೆಚ್ಚುವ ಗ್ರಾಮರಿನಲ್ಲಿ, 'ಇಟ್ ವಾಸ್ ಐ' ಎಂದು ಬರೆದು ಪೂರ್ತಿ ಹೆಸರು ಹಾಕಿದೆ. ಮರುದಿನದಿಂದ ಅಜ್ಜಿ ಡ್ರೈವರನಿಗೆ ಗುಡ್ ಮಾರ್ನಿಂಗ್ ಹೇಳತೊಡಗಿದಳು. ನನಗೆ ಇನ್ನೂ ಹೇಳುವುದಿಲ್ಲ.

ಬರ್ನಿಯಲ್ಲೀಗ ಸಕ್ಕರೆ ಇದೆ. ಏನನ್ನೇ ಎಸೆಯುವ ಮೊದಲು ಬಿಸಿನೀರಲ್ಲಿ ನೆನೆಸಿ ಲೇಬಲ್ ಕಿತ್ತುಬಿಡುತ್ತೇನೆ. "ನಮ್ಮ ಮಮ್ಮಿ ಲೇಬಲ್ ಸುದ್ದಾ ಬ್ಯಾರಿ ಮಾಡ್ತಾಳ, ಎಷ್ಟು ಲಗೂ ಕಲ್ತಾಳ!" ಎಂದು ರೂತ್ ಫ್ರೆಂಡ್ಸ್ ಮುಂದೆ ಹೊಗಳುತ್ತಾಳೆ. ನಾನೂ ಹೂಂ ಅನ್ನುತ್ತೇನೆ. ನನ್ನ ಕಸ ಅನಾಥವಾದರೆ ಆಗಲಿ, ಸಿಸ್ಟರುಗಳು ಕ್ಷಮಿಸಲಿ.